ದೇಶಮುಖರ ಹೊಸ್ತಿಲು

ಶಹಾಬಾದದ ಕಲ್ಲುಕುಟಿಗ ಅಂಬಾರಾಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದರ ಅಕ್ಷರ ಕೆತ್ತಲು ಬರುತ್ತಿತ್ತು. ವಾಡಿಯಲ್ಲಿ ರೈಲ್ವೆ ಸಾಹೇಬರು ಸತ್ತರೆ ಗೋರಿಕಲ್ಲಿಗೆ ಅವನೇ ಬೇಕು. ಆದರೆ ಅರ್ಥ ತಿಳಿಯದೆ ಉಳಿ ಮುಟ್ಟುತ್ತಿರಲಿಲ್ಲ. ಕಲ್ಲಿನ ಮೇಲಿನ ತಪ್ಪನ್ನು ಯಾರು ಹರಿದೊಗೆಯುತ್ತಾರೆ?

ಒಮ್ಮೆ ಒಂದು ಗೋರಿಯ ಬರಹದಲ್ಲಿ ‘ಡೆವಿಲ್ಡಮ್’ ಎಂಬ ಪದ ಬಂತು. ವಾಡಿಯ ಶಾಲೆಯ ಜಯತೀರ್ಥ ಮಾಸ್ತರರನ್ನು ಕೇಳಿದ.

‘ದೆವ್ವದ ಆಳಿಕಿ ನಡಿಯೋ ಸೀಮಿ ಅಂತ ಅರ್ಥ. ಭಾಳ ಹಳೇ ಮಾತು. ಈಗ ಇಂಗ್ರೇಜರೂ ಆಡೂದಿಲ್ಲ.’

‘ಯಾಕ್ರೀ, ಅವರ ಕಡಿ ದೆವ್ವ ಸತ್ತಾವೇನು?’

‘ಸತ್ತವ ಈ ಡೆವಿಲ್ಡಮ್, ಅಂದ್ರ ಈ ಲೋಕ, ಬಿಟ್ಟು ಹೋದ ಅಂತ ಬರದಾರ, ನೋಡು. ಹಿಂಗ ಬಳಸ್ತಿದ್ರು.’

ಈ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ನಿಜಾಮರ ಪರದ ರಜಾಕಾರರ ಹಾವಳಿಯ ಕಾಲ. ಊರ ಧಣಿ ಅಮೃತಪ್ಪ ದೇಶಮುಖರು ಅವರಿಗೆ ಊಟ ಹಾಕಿ ತಮ್ಮ ಹಗೇವಿನ ಕಾಳು ಉಳಿಸಿಕೊಂಡಿದ್ದರು. ಊರವರ ಜೋಳ ಮಾತ್ರ ಹೋಗಿತ್ತು. ತಮ್ಮ ವಾಡೆಯ ಮನೆಬಾಗಿಲಿಗೆ ಹೊಸ ಹೊಸ್ತಿಲು ಬೇಕೆಂದು ಅಂಬಾರಾಯನನ್ನು ಬಿಟ್ಟಿ ಕೆಲಸಕ್ಕೆ ಎಳೆತರಿಸಿದರು. ಮನೆಯಲ್ಲಿ ಹೆಂಡತಿ ಸೂಗಮ್ಮ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಮನೆಗೆ ಬಿಡಿರೆಂದು ಅವನು ಕೈಮುಗಿದ.

‘ಕಲ್ಲ ಮುಗಿಸಿ ಹೋಗೋ. ಸಾಹೇಬರ ಬಂಗಲೆದಾಗ ಇರ್ತದಲ್ಲ, ಹಂಗ ಏನರೆ ನಕ್ಷಿ ತಗಿ.’

ತೆಗೆದ. ಎರಡು ಬಳ್ಳಿಗಳ ನಡುವೆ ‘ಡೆವಿಲ್ಡಮ್’ ಪದವನ್ನೇ ಕೂರಿಸಿದ.

‘ಇದೇನೋ?’

‘ಇಂಗ್ರೇಜಿ ಅದರಿ ಧಣಿ. ವಾಡೆಕ್ಕ ಶೋಭಾ.’

ದೇಶಮುಖರು ಹಿಗ್ಗಿದರು. ಅವರ ಹೆಂಡತಿ ಪ್ರತಿ ಶುಕ್ರವಾರ ಅದಕ್ಕೆ ಅರಿಶಿಣ ಕುಂಕುಮ ಏರಿಸತೊಡಗಿದರು. ಸೂಗಮ್ಮ ಬದುಕಿದಳು, ಆದರೆ ಕಿವಿ ಹೋಯಿತು.

ಅಂಬಾರಾಯನ ನೆಮ್ಮದಿಯೂ ಹೋಯಿತು. ಇಂಗ್ಲಿಷ್ ಬಲ್ಲವನೊಬ್ಬ ಆ ಬಾಗಿಲಿಗೆ ಬಂದರೆ ತನ್ನ ಕೈ ಉಳಿಯುವುದಿಲ್ಲ. ವಾಡೆಯ ಕಡೆ ಮೋಟಾರಿನ ಧೂಳು ಎದ್ದರೆ ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತಿತ್ತು.

‘ಮೈಯಾಗ ಇರಬಿ ಬಿಟ್ಟಾರೇನು? ಒಂದ್ ಕಡಿ ಕುಂದ್ರು,’ ಎಂದು ಸೂಗಮ್ಮ ಬೈಯುತ್ತಿದ್ದಳು.

ಕಡೆಗೆ ಆ ದಿನ ಬಂತು. ಹೈದರಾಬಾದಿನ ನೆಂಟರೆದುರು ಓದಿಸಿ ಮೆರೆಯಬೇಕೆಂದು ದೇಶಮುಖರು ಮಾಸ್ತರರನ್ನೇ ಕರೆಸಿದರು. ಸುದ್ದಿ ಕೇಳಿ ಅಂಬಾರಾಯ ಓಡಿಬಂದ. ಮಾಸ್ತರರು ಬಗ್ಗಿ ಓದಿದರು, ಅಂಬಾರಾಯನ ಮುಖ ನೋಡಿದರು, ಧೋತರದ ಚುಂಗಿನಿಂದ ಬೆವರು ಒರೆಸಿಕೊಂಡರು.

‘ಭಾಳ ಹಳೇ ಪದ ಅದರಿ. ಆಳಿಕಿ ನಡಿಯೋ ಸೀಮಿ ಅಂತ ಅರ್ಥ.’

‘ಯಾರ ಆಳಿಕಿ, ಮಾಸ್ತರ್ರೆ?’

‘ಒಳಗ ಇದ್ದವರದು.’

ದೇಶಮುಖರು ಮೀಸೆ ತಿರುವಿದರು. ಅಂಬಾರಾಯ ಉಸಿರು ಬಿಟ್ಟ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ದಂಡು ಬಂತು, ನಿಜಾಮರ ಕಾರಭಾರ ಬಿತ್ತು. ಇನ್ನು ಆ ಪದದ ಕೆಲಸ ಮುಗಿಯಿತು, ಅಳಿಸಿಬಿಟ್ಟರೆ ನಿದ್ದೆಯಾದರೂ ಬಂದೀತು ಎಂದು ಅಂಬಾರಾಯ ಉಳಿ ಹಿಡಿದು ಹೋದ. ವಾಡೆಯ ಮೇಲೆ ಮೂರು ಬಣ್ಣದ ಝಂಡಾ. ಬಾಗಿಲಲ್ಲಿ ದೇಶಮುಖರು, ತಲೆಯ ಮೇಲೆ ಹೊಸ ಬಿಳಿ ಟೋಪಿ, ಸಕ್ಕರೆ ಹಂಚುತ್ತಿದ್ದರು.

‘ಬಾರೋ ಅಂಬ್ಯಾ, ಸ್ವಾತಂತ್ರ್ಯ ಬಂತು! ನಾಳಿ ಬಂದು ಅಂಗಳಕ್ಕ ಕಲ್ಲು ಹಾಸು. ಬಿಟ್ಟಿ ಅನಬ್ಯಾಡ ಮತ್ತ, ದೇಶಸೇವಾ ಅನ್ನು. ಉಳಿ ಯಾಕ ತಂದಿ?’

ಅಂಬಾರಾಯ ಸಕ್ಕರೆ ಬಾಯಿಗೆ ಹಾಕಿಕೊಂಡು ಹೊಸ್ತಿಲ ಮುಂದೆ ಕುಕ್ಕರಿಸಿದ.

‘ಅಕ್ಷರ ಸವದಾವರಿ ಧಣಿ. ಇನ್ನಾ ಸ್ವಲ್ಪ ಆಳ ಹೊಡಿತೀನಿ.’