ಗರಡಿಯ ಒಂದು ಬುಟ್ಟಿ ಮಣ್ಣು

ಮೊನ್ನೆ ಬೆಳಿಗ್ಗೆ ಸೊಸೆ ಅಂಗಳದ ಕರಿಬೇವಿನ ಗಿಡಕ್ಕೆ ಹುಳಿ ಬಂದ ಮಜ್ಜಿಗೆ ಸುರಿದಳು. ಬುಡದಲ್ಲಿದ್ದದ್ದು ಹೊಸದಾಗಿ ತರಿಸಿದ ಕೆಮ್ಮಣ್ಣು. ಬಿಸಿಲಿಗೆ ಕಾದಿದ್ದ ಆ ಮಣ್ಣು ಮಜ್ಜಿಗೆ ಹೀರಿಕೊಂಡು ಒಂದು ವಾಸನೆ ಬಿಟ್ಟಿತು ನೋಡಿ, ಬಾಯಿಗೆ ಒಯ್ಯುತ್ತಿದ್ದ ಚಹಾ ಕೈಯಲ್ಲೇ ಉಳಿಯಿತು. ಬಾಗಲಕೋಟೆಯ ಈ ಸಿಮೆಂಟಿನ ಮನೆಯಲ್ಲಿ ಕುಳಿತವಳು ಒಮ್ಮೆಲೇ ಇಳಕಲ್ಲಿನ ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಗಿಬಿಟ್ಟೆ. ಕೆಮ್ಮಣ್ಣು, ಮಜ್ಜಿಗೆ, ಅರಿಸಿನ, ಎಳ್ಳೆಣ್ಣೆ, ಅದರ ಮೇಲೆ ಗಂಡಸರ ಬೆವರು. ಅದು ನಮ್ಮ ಗರಡಿಯ ವಾಸನೆ. ಉಣ್ಣುವ ತಾಟಿನವರೆಗೂ ಬರುತ್ತಿತ್ತು. ಅವ್ವ ಮೂಗು ಮುರಿಯುತ್ತಿದ್ದಳು. ನನಗೆ ಮಾತ್ರ ಅದಿಲ್ಲದಿದ್ದರೆ ನಿದ್ದೆಯೇ ಹತ್ತುತ್ತಿರಲಿಲ್ಲ. ನಿಮಗೂ ಇಂಥ ಯಾವುದೋ ಒಂದು ವಾಸನೆ ಇದ್ದೀತು. ಯಾವ ಮನೆಯದೆಂದು ಯಾರಾದರೂ ಕೇಳಿದರೆ ತೋರಿಸಲು ಆ ಮನೆ ಉಳಿದಿರಲಿಕ್ಕಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಒಂದು ಗೋಡೆ, ಅದರ ಆಚೆ ದೊಡ್ಡಪ್ಪನ ಗರಡಿ, ಈಚೆ ಅಪ್ಪನ ಕುಣಿಮಗ್ಗ. ದೊಡ್ಡಪ್ಪ ಸಂಗಪ್ಪ ಗರಡಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು. ಹೆಂಡತಿ ಬೇಗ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನನ್ನನ್ನೇ ಹೆಗಲ ಮೇಲೆ ಕೂಡಿಸಿಕೊಂಡು ಪೇಟೆಯೆಲ್ಲ ತಿರುಗುತ್ತಿದ್ದ. ಅಪ್ಪ ಮಹಾಂತಪ್ಪ ಅವನ ತಮ್ಮ, ಸೀರೆ ನೇಯುವವನು. ಅಣ್ಣ ಬಾರದೆ ತಮ್ಮ ಊಟಕ್ಕೆ ಕೂಡುತ್ತಿರಲಿಲ್ಲ, ಅಷ್ಟು ಅಕ್ಕರೆ. ಆದರೆ ಅಪ್ಪ ಗರಡಿಯೊಳಗೆ ಕಾಲಿಟ್ಟದ್ದನ್ನು ನಾನು ನೋಡಿರಲೇ ಇಲ್ಲ. ಅವನ ಎಡ ಮೊಣಕೈ ಸ್ವಲ್ಪ ಸೊಟ್ಟ. ಹುಟ್ಟಿನಿಂದಲೇ ಹಾಗೆಂದು ತಿಳಿದಿದ್ದೆ. ದಿನವಿಡೀ ಮಗ್ಗದ ಕುಣಿಯಲ್ಲಿ ಬಗ್ಗಿ ಕುಳಿತು ಅವನ ನಡು ಹಿಡಿದುಕೊಂಡಿತ್ತು. ಸಂಜೆ ಗೋಡೆ ಹಿಡಿದೇ ಏಳುತ್ತಿದ್ದ. ಏಳುವಾಗ ಯಾರಾದರೂ ನೋಡಿದರೆ ನಕ್ಕುಬಿಡುತ್ತಿದ್ದ. ಹೆಣ್ಣುಮಕ್ಕಳು ಗರಡಿಗೆ ಹೋಗುವಂತಿರಲಿಲ್ಲ. ಮಗ್ಗದ ಕೋಣೆಯ ಗೋಡೆಯಲ್ಲೊಂದು ಬೆಳಕಿಂಡಿ ಇತ್ತು. ನೂಲಿನ ಪೆಟ್ಟಿಗೆ ಹತ್ತಿ ನಾನು ಎಲ್ಲವನ್ನೂ ನೋಡಿದ್ದು ಅಲ್ಲಿಂದ.

ದೊಡ್ಡಪ್ಪನ ಪೈಲ್ವಾನರಲ್ಲಿ ಎಲ್ಲರಿಗಿಂತ ಜೋರು ಬೀರಪ್ಪ. ಮರೋಳದವನು, ಕುರಿ ಕಾಯುವ ಮನೆತನ. ಹಾಲು ಕುಡಿದು ಬೆಳೆದ ಮೈ, ಮಾತು ಮಾತ್ರ ಒರಟು. ಬಾಗಲಕೋಟೆ, ಬಾದಾಮಿ, ಹುನಗುಂದ, ಎಲ್ಲಿ ಕುಸ್ತಿಯಾದರೂ ಕೊನೆಯ ಜೋಡಿ ಅವನದೇ. ಒಂದು ದಿನ ಅವನು ಹೊಸ ರುಮಾಲು ಸುತ್ತಿಕೊಂಡು ಬಂದು ದೊಡ್ಡಪ್ಪನ ಕಾಲಿಗೆ ಬಿದ್ದ. ಊರಿನ ಹುಡುಗರು ಬೀರದೇವರ ಗುಡಿಯ ಹಿಂದೆ ಜಾಗ ಅಗೆದು ಇಟ್ಟಿದ್ದರಂತೆ, ತಾನೇ ಗರಡಿ ನಡೆಸಬೇಕಂತೆ, ಅಪ್ಪಣೆ ಬೇಕು. ನಮ್ಮಲ್ಲಿ ಅಪ್ಪಣೆ ಎಂದರೆ ಗುರುವಿನ ಅಖಾಡದ ಒಂದು ಬುಟ್ಟಿ ಮಣ್ಣು. ಅದನ್ನು ಒಯ್ದು ಹೊಸ ಅಖಾಡಕ್ಕೆ ಬೆರೆಸಿದ ಮೇಲೆಯೇ ಅವನು ವಸ್ತಾದ. ಆ ಮಣ್ಣಿಲ್ಲದೆ ಕಲಿಸಲು ನಿಂತವನನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ.

ದೊಡ್ಡಪ್ಪ ಅವನನ್ನು ಎಬ್ಬಿಸಿ ಕೂಡಿಸಿದ. “ಇನ್ನಾ ಆಗಿಲ್ಲಪಾ ನೀ,” ಎಂದ.

“ಯಾಕ್ರೀ ವಸ್ತಾದ್ರ? ಈ ಸೀಮ್ಯಾಗ ನನ್ನ ಚಿತ್ ಮಾಡಾಂವ ಯಾರದಾನ ಹೇಳ್ರಿ.”

“ಯಾರೂ ಇಲ್ಲ. ಅದಕ್ಕ ಇನ್ನಾ ಆಗಿಲ್ಲ ಅಂತೇನಿ.” ಮಗ್ಗದ ಕೋಣೆಯ ಕಡೆ ಕೈ ಮಾಡಿದ. “ನಮ್ಮ ಮಾಂತಪ್ಪಗ ಸಾಮು ಕಲಸು. ಅವಾ ತಾನಾಗೇ ಅಖಾಡಕ್ಕ ಇಳೀಬೇಕು. ನೀ ಎಳಕೊಂಡು ಹೋಗಂಗಿಲ್ಲ. ಅವಾ ಇಳದ ದಿನ ನಾನಽ ಬುಟ್ಟಿ ತುಂಬಿ ಕೊಡ್ತೇನಿ.”

ಈಚೆ ಲಾಳಿಯ ಸಪ್ಪಳ ನಿಂತುಹೋಯಿತು. “ಅಣ್ಣಾ, ನನ್ನ ಯಾಕ ನಡುವ ತರ್ತಿ?” ಎಂದ ಅಪ್ಪ, ಗೋಡೆಯ ಈಚೆಯಿಂದಲೇ.

ಆ ಸಂಜೆ ರೊಟ್ಟಿ ಬಡಿಯುತ್ತ ಅವ್ವ ನನಗೆ ಹೇಳಿದಳು: “ನಿಮ್ಮ ದೊಡ್ಡಪ್ಪ ಆವಾಗ ಹೊಸಾ ವಸ್ತಾದ. ಎಲ್ಲಾರ್ನೂ ಗೆದ್ದಾರಂತ ಗುರುಗಳು ಮಣ್ಣು ಕೊಟ್ಟುಬಿಟ್ಟಿದ್ರು. ಮೊದಲ ಕಲಸಾಕ ಹೋಗಿದ್ದು ತಮ್ಮಗ. ನಿಮ್ಮಪ್ಪ ಸಣ್ಣಾಂವ, ಅಂಜತಿದ್ದ. ಅಂಜಿಕಿ ಬಿಡಸ್ತೇನಂತ ಎತ್ತಿ ಒಗದ್ರು. ಕೈ ಮುರದು ಹಂಗ ಸೊಟ್ಟ ಕೂಡ್ತು.” ಅಷ್ಟು ಹೇಳಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಆಮೇಲೆ ಅಣ್ಣತಮ್ಮಂದಿರು ಒಂದು ದಿನವೂ ಆ ಮಾತು ತೆಗೆದಿರಲಿಲ್ಲವಂತೆ.

ಮೊದಮೊದಲು ಬೀರಪ್ಪ ಬಂದದ್ದು ಪೈಲ್ವಾನನಂತೆಯೇ. ಮಗ್ಗದ ಬಾಗಿಲಲ್ಲಿ ನಿಂತು, “ಏಳ್ರಿ ಕಾಕಾ, ಬೈಠಕ್ ಹೊಡ್ಯೂಣು,” ಎಂದು ಗದರಿಸುವನು. ಅಪ್ಪ ಎಳೆ ಕಡಿದಿದೆ ಎಂದು ಬಗ್ಗಿ ಹುಡುಕುತ್ತ ಕೂಡುವನು. ಕಡಿಯದ ಎಳೆಯನ್ನು ಎಷ್ಟು ಹೊತ್ತು ಹುಡುಕಬಹುದೋ ಅಷ್ಟು ಹೊತ್ತು. ಬೀರಪ್ಪ ಸಿಟ್ಟಿನಿಂದ ಊರಿಗೆ ಹೋದ. ಸುಗ್ಗಿ ಮುಗಿಯುವತನಕ ಈ ಕಡೆ ಸುಳಿಯಲಿಲ್ಲ. ತಿರುಗಿ ಬಂದಾಗ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ಮಗ್ಗದ ಪಕ್ಕ ನೆಲದ ಮೇಲೆ ಕುಳಿತ. ಬಹಳ ಹೊತ್ತು ಅಪ್ಪನ ಕಾಲು ಕೈ ಆಡುವುದನ್ನೇ ನೋಡಿದ. ಕೊನೆಗೆ, “ಕಾಕಾ, ಎಲ್ಲಿ ನೋಯತೈತಿ?” ಎಂದು ಕೇಳಿದ. ಅಪ್ಪನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವೇನೋ, ತಡವರಿಸಿ ನಡುವಿನ ಮೇಲೆ ಕೈಯಿಟ್ಟು ತೋರಿಸಿದ.

ಅಂದಿನಿಂದ ದಿನವೂ ಮಧ್ಯಾಹ್ನ ಬೀರಪ್ಪ ಎಣ್ಣೆ ಬಿಸಿ ಮಾಡಿ ಅಪ್ಪನ ನಡು ತಿಕ್ಕುತ್ತಿದ್ದ. ಕುರಿಮರಿ ಹಿಡಿದಷ್ಟು ಮೆತ್ತಗೆ ಆ ದೊಡ್ಡ ಕೈಗಳು ಆಡುತ್ತಿದ್ದವು. ಕುಣಿಯಿಂದ ಏಳುವಾಗ ಮೊದಲು ಯಾವ ಕಾಲಿಗೆ ಭಾರ ಹಾಕಬೇಕು, ಉಸಿರು ಯಾವಾಗ ಬಿಡಬೇಕು ಎಂದು ತೋರಿಸಿದ. ಅಪ್ಪ ಗೋಡೆ ಬಿಟ್ಟು ಎದ್ದ ದಿನ ಅವ್ವ ಹೋಳಿಗೆ ಮಾಡಿದಳು. ಕುಸ್ತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಆಮೇಲೊಂದು ದಿನ, “ಅಖಾಡದ ಮಣ್ಣು ಬಿರಸಾಗೇತಿ. ನಾ ಅಗೀತೇನಿ, ನೀವು ಮಜ್ಜಿಗಿ ಹಾಕ್ರಿ,” ಎಂದು ಬೀರಪ್ಪ ಸಹಜವಾಗಿ ಕರೆದ. ಅಪ್ಪ ತಂಬಿಗೆ ಹಿಡಿದು ಅಂಚಿನ ಕಲ್ಲಿನ ಮೇಲೆ ನಿಂತ. ಮರುದಿನವೂ ನಿಂತ. ಮಣ್ಣು ಮೆತ್ತಗಾಗಿದೆಯೇ ಎಂದು ನೋಡಲು ಒಂದು ಕಾಲು ಇಟ್ಟ, ಇನ್ನೊಂದು ಕಾಲೂ ಇಟ್ಟ. ಬೀರಪ್ಪ ಅದನ್ನು ಕಂಡೂ ಕಾಣದವನಂತೆ ಅಗೆಯುತ್ತಲೇ ಇದ್ದ.

ಅಪ್ಪನಿಗೆ ಅವನು ಮೊದಲು ಕಲಿಸಿದ್ದು ಬೀಳುವುದನ್ನು. “ಎತ್ತಿ ಒಗ್ಯೂದು ಆಮ್ಯಾಲ ಕಾಕಾ. ಮೊದಲ ಬೀಳೂದು ಬರಬೇಕು. ಬೀಳಾಕ ಬಂದ್ರ ಅಂಜಿಕಿ ಎಲ್ಲಿಂದ ಬರತೈತಿ?” ಎನ್ನುತ್ತ ತಾನೇ ಧೊಪ್ಪೆಂದು ಬಿದ್ದು ತೋರಿಸುವನು, ಎದ್ದು ಮತ್ತೆ ಬೀಳುವನು. ಅಪ್ಪ ಮೊದಲು ಕುಳಿತಲ್ಲಿಂದ ಉರುಳಿದ, ಆಮೇಲೆ ಮೊಣಕಾಲಿನ ಮೇಲಿಂದ, ಆಮೇಲೆ ನಿಂತಲ್ಲಿಂದ. ಒಂದು ಮಧ್ಯಾಹ್ನ ಬಿದ್ದವನು ಏಳಲೇ ಇಲ್ಲ. ಗಾಬರಿಯಾಗಿ ನಾನು ಕಿಂಡಿಗೆ ಮುಖ ಒತ್ತಿದೆ. ಅಪ್ಪ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು, ಅಂಗಾತ ಮಲಗಿ, ಹೊಟ್ಟೆ ಕುಣಿಯುವಂತೆ ನಗುತ್ತಿದ್ದ. ಅವನು ಅಷ್ಟು ದೊಡ್ಡದಾಗಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಆ ನಗು ಅಂಗಳದಲ್ಲಿದ್ದ ದೊಡ್ಡಪ್ಪನಿಗೂ ಕೇಳಿಸಿತು. ಅವನು ಬಾಗಿಲಲ್ಲಿ ಬಂದು ನಿಂತ. ಅಪ್ಪನ ನಗು ನಿಂತಿತು. ಎದ್ದು ಮೂಲೆಗೆ ಸರಿದ. ದೊಡ್ಡಪ್ಪ ಅಂಗಿ ರುಮಾಲು ತೆಗೆದಿಟ್ಟು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಅಖಾಡಕ್ಕೆ ಇಳಿದ. “ನನ್ನ ಕೂಡ ಹಿಡೀತೀಯೇನಪಾ?” ಎಂದು ತಮ್ಮನನ್ನು ಕೇಳಿದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಅಪ್ಪ ಬೀರಪ್ಪನ ಮುಖ ನೋಡಿದ.

“ನಿಮ್ಮ ಮನಸ್ಸಿದ್ರ ಹಿಡೀರಿ ಕಾಕಾ. ಇಲ್ಲಂದ್ರ ಬ್ಯಾಡ,” ಎಂದ ಬೀರಪ್ಪ. ಆಮೇಲೆ ಗುರುವಿನ ಕಡೆ ತಿರುಗಿದ. ಗುರುವಿನ ಎದುರು ದನಿ ಎತ್ತದವನು, ಇಬ್ಬರ ನಡುವೆ ನಿಂತುಕೊಂಡು ಹೇಳಿದ: “ವಸ್ತಾದ್ರ, ಎಡಗೈಗೆ ಕೈ ಹಾಕಬ್ಯಾಡ್ರಿ. ಅವರು ಸಾಕು ಅಂದ ಕೂಡಲೇ ಬಿಡಬೇಕು.”

ಎಲ್ಲರನ್ನೂ ಗದರಿಸುವ ದೊಡ್ಡಪ್ಪ ಏನೆನ್ನುವನೋ ಎಂದು ಕಿಂಡಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಬೀರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಲೆ ತಗ್ಗಿಸಿದ.

“ಆತ್ರಿ ವಸ್ತಾದ್ರ,” ಎಂದ ದೊಡ್ಡಪ್ಪ, ತನ್ನ ಶಿಷ್ಯನಿಗೆ.

ಅಣ್ಣತಮ್ಮಂದಿರು ಹೆಗಲಿಗೆ ಹೆಗಲು ಕೊಟ್ಟು ಹಿಡಿದರು. ಅದು ಕುಸ್ತಿಯೇ ಎಂದು ಈಗಲೂ ನಾನು ಹೇಳಲಾರೆ. ಯಾರೂ ಯಾರನ್ನೂ ಕೆಡವಲಿಲ್ಲ. ತಮ್ಮನ ಹೆಗಲ ಮೇಲೆ ಅಣ್ಣ ಹಣೆಯಿಟ್ಟು ನಿಂತಿದ್ದ, ಅಪ್ಪ ಅವನ ಬೆನ್ನಿನ ಮೇಲೆ ಬಲಗೈ ಆಡಿಸುತ್ತಿದ್ದ. ಬೀರಪ್ಪ ಗೋಡೆಯ ಕಡೆ ಮುಖ ಮಾಡಿ ಸಲಿಕೆ ಒರೆಸುತ್ತಿದ್ದ. ಮರುದಿನ ದೊಡ್ಡಪ್ಪ ಮಾತಿಗೆ ತಪ್ಪದೆ ತಾನೇ ಅಗೆದು ಬುಟ್ಟಿ ತುಂಬಿದ. ಬೀರಪ್ಪ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮೋಟಾರ್ ಸ್ಟ್ಯಾಂಡಿಗೆ ನಡೆದ. ಅವ್ವ ಓಣಿಯ ತುದಿಯವರೆಗೂ ಹೋಗಿ ಕಳಿಸಿ ಬಂದಳು.

ಎಂಬತ್ತರ ದಶಕದ ನಡುವೆ ದೊಡ್ಡಪ್ಪ ಹೋದ. ಹುಡುಗರು ಬರುವುದು ಕಡಿಮೆಯಾಯಿತು, ಅಖಾಡದಲ್ಲಿ ಹುಲ್ಲು ಬೆಳೆಯಿತು. ಕೆಲವು ವರ್ಷಕ್ಕೆ ಗರಡಿ, ಮಗ್ಗದ ಕೋಣೆ ಎರಡೂ ಕೈಬಿಟ್ಟುಹೋದವು. ಈಗ ಅಲ್ಲಿ ಪಾತ್ರೆ ಅಂಗಡಿ ಇದೆ. ಅವ್ವ, ಅಪ್ಪ, ಬೀರಪ್ಪ, ಯಾರೂ ಇಲ್ಲ.

ದೊಡ್ಡಪ್ಪ ತೀರಿಕೊಂಡ ವರ್ಷವೇ ನಾಗರ ಪಂಚಮಿಗೆ ಬೀರಪ್ಪ ನಮ್ಮನ್ನು ಮರೋಳಕ್ಕೆ ಕರೆಸಿದ್ದ. ಅವನ ಗರಡಿಯ ತುಂಬ ಹುಡುಗರು, ಮೈಯೆಲ್ಲ ಎಣ್ಣೆ. ನೇಕಾರ ಅಪ್ಪ ಹಿಂದೆ ಮೂಲೆಯಲ್ಲಿ ನಿಲ್ಲಲು ಹೋದರೆ ಬೀರಪ್ಪ ಕೈ ಹಿಡಿದು ಮುಂದೆ ತಂದು, “ಇವ್ರು ನನ್ನ ಮೊದಲ್ನೇ ಶಿಷ್ಯಾರಪಾ. ಕಾಲಿಗೆ ಬೀಳ್ರಿ,” ಎಂದ. ನರೆತ ತಲೆಯ, ಒಂದು ಕುಸ್ತಿಯನ್ನೂ ಗೆಲ್ಲದ ಅಪ್ಪನ ಕಾಲಿಗೆ ಆ ಪೈಲ್ವಾನರು ಸಾಲಾಗಿ ಬಿದ್ದರು. ಅಪ್ಪನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕುಳಿತಿದ್ದ. ಹೊರಗೆ ಹೆಸರಿನ ಹೊಲಗಳು ಹಸಿರಾಗಿದ್ದವು, ಸಣ್ಣಗೆ ಹನಿಯುತ್ತಿತ್ತು. ಹುನಗುಂದ ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: “ಅಣ್ಣ ಇರಬೇಕಿತ್ತು ನೋಡವಾ.”