ಮಾತು ಮುಗಿದರೂ ಕಿವಿ ತೆರೆದಿರಲಿ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಫೋನು ಬಡಿದುಕೊಂಡಿತು. ಯಜಮಾನರು ಎತ್ತಿದರು. ಆ ಕಡೆಯಿಂದ ಮಾತೇ ಇಲ್ಲ.

ಮುನವಳ್ಳಿಯ ಗೌರವ್ವನ ಫೋನು. ನಮ್ಮ ಯಜಮಾನರ ಚಿಗವ್ವ, ಅಂದರೆ ಅವರ ತಾಯಿಯ ತಂಗಿ. ಗಂಟಲ ಆಪರೇಷನ್ ಆದ ಮೇಲೆ ಅವರಿಗೆ ಮಾತು ಹೋಗಿದೆ. ಕಿವಿ ಮಾತ್ರ ಬಲು ಚುರುಕು. ಸ್ವಲ್ಪ ಹೊತ್ತಿನ ಹಿಂದಷ್ಟೇ ಯಜಮಾನರು ಅವರಿಗೆ ಫೋನ್ ಮಾಡಿ, “ಆರಾಮ ಅದೀಯೇನ ಚಿಗವ್ವಾ? ನಾವೂ ಆರಾಮ ಅದೇವಿ. ಇಡತೇನಿ” ಎಂದು ಇಟ್ಟಿದ್ದರು. (ಒಂದೇ ಉಸಿರಿನಲ್ಲಿ!)

“ತಪ್ಪಿ ಒತ್ತಿರಬೇಕು, ಬಿಡು” ಎಂದು ಅವರು ಮಗ್ಗಲು ಬದಲಿಸಿದರು. “ಆಕಿ ಮಾತಾಡೂದಿಲ್ಲ. ನಾ ಒಬ್ಬನ ಎಷ್ಟೊತ್ತು ಒದರ್ಲಿ?”

ನಾನು ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕುಳಿತಿದ್ದೆ. ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು ನಾನು, ನಿಮಗೆ ಗೊತ್ತೇ ಇದೆ. ಈ ವರ್ಷ ವಿದ್ಯಾರ್ಥಿಗಳ ಜೊತೆ ಸೇರಿ ಪುಟ್ಟದೊಂದು ಆಪರೇಟಿಂಗ್ ಸಿಸ್ಟಮ್ ಕಟ್ಟುವ ಹುಚ್ಚು ಹತ್ತಿದೆ. ಪ್ರೋಗ್ರಾಮುಗಳು ‘ನನಗಿದನ್ನು ಮಾಡಿಕೊಡು’ ಎಂದು ಸಿಸ್ಟಮ್ಮನ್ನು ಕೇಳಿಕೊಳ್ಳುವುದಕ್ಕೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ಬೇರೆ ಕಂಪ್ಯೂಟರಿನ ಜೊತೆ ಸಂಪರ್ಕ ಬೆಳೆಸಲು ಒಂದು, ಕಡಿದುಕೊಳ್ಳಲು ಒಂದು.

ಅಷ್ಟೇ ಸಾಕೇ? ‘ನನ್ನ ಮಾತು ಮುಗಿಯಿತು, ಆದರೆ ನೀನು ಹೇಳು, ಕೇಳುತ್ತಿದ್ದೇನೆ’ ಎನ್ನಲು ಇನ್ನೊಂದು ಬೇಡವೇ? “ಅದ್ಯಾಕ್ರಿ ಮೇಡಂ ಎಕ್ಸ್‌ಟ್ರಾ, ತಗದ ಬಿಡ್ರಿ” ಎಂದಿದ್ದರು ಸಹೋದ್ಯೋಗಿಯೊಬ್ಬರು. ನಾನೂ ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೆ.

ಆಗ ಮತ್ತೆ ಫೋನು. ಈ ಸಲ ನಾನೇ ಎತ್ತಿದೆ. ಬರೀ ಉಸಿರು. ಅದರ ಹಿಂದೆ ಎಲ್ಲೋ ಒಂದು ಎಮ್ಮೆ, ಮತ್ತೆ ಗಾಳಿ. ಮಲಪ್ರಭೆಯ ಹಿನ್ನೀರಿನ ಮೇಲಿಂದ ಬಂದ ಗಾಳಿಯೇ ಇರಬೇಕು.

“ಅತ್ತೀ, ಇನ್ನೂ ಏನರ ಹೇಳಲೇನ್ರಿ?”

ಬಳೆ ಫೋನಿಗೆ ತಾಕಿತು. ಟಕ್.

ಹೇಳಲು ನನ್ನಲ್ಲಿ ಏನಿತ್ತು? ಸಿಸ್ಟಮ್ ಕಾಲ್ ಇತ್ತು. ಅದನ್ನೇ ಹೇಳಿದೆ. ಅವರು ಟಕ್ ಅನ್ನುತ್ತ ಹೋದರು. (ಆಕಳಿಸಿದ್ದರೂ ನನಗೇನೂ ಕಾಣುತ್ತಿರಲಿಲ್ಲ ಬಿಡಿ.) ಹೇಳುತ್ತ ಹೇಳುತ್ತ ನಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆಯಿತು. ಅವರ ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಂತೆ, ಎದುರಿನ ಬಿಸಿಲು ನಿಧಾನಕ್ಕೆ ನೀರಿಗಿಳಿಯುತ್ತಿರುವಂತೆ. ಎಷ್ಟು ಸುಖವಾಗಿತ್ತು ಗೊತ್ತೇ?

ಇದ್ದಕ್ಕಿದ್ದಂತೆ ಟಕಟಕಟಕ!

ನಡೆಯುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ಎಚ್ಚರಿಸುವುದಕ್ಕೆ ನಮ್ಮ ಕಂಪ್ಯೂಟರಿನವರು ಸಿಗ್ನಲ್ ಎನ್ನುತ್ತಾರೆ. ಅದರ ಗುಣವೇ ಇದು. ಅದರಲ್ಲಿ ಮಾತಿಲ್ಲ, ಬರೀ ತಟ್ಟುವುದು. ಯಾಕೆ ತಟ್ಟಿತು ಎಂದು ಕೆಲಸ ನಿಲ್ಲಿಸಿ ನಾವೇ ನೋಡಬೇಕು. ಮಾತು ನಿಲ್ಲಿಸಿದೆ. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುತ್ತಲೇ ಇದೆ! ಮುನವಳ್ಳಿಯಲ್ಲಿ ಕುಳಿತವರಿಗೆ ಕೇಳಿಸಿದ್ದು ನನಗೆ ಕೇಳಿಸಿರಲಿಲ್ಲ. ಒಲೆ ಆರಿಸಿ ಓಡಿ ಬಂದೆ. ಇಷ್ಟೊತ್ತಿಗೆ ಇಟ್ಟಿರುತ್ತಾರೆ ಅಂದುಕೊಂಡೆ.

“ಅತ್ತೀ, ಅದೀರೇನ್ರಿ?”

ಟಕ್.

ನಡುವೆ ಇಂಥ ಸಿಗ್ನಲ್ ಬಂದರೆ ಕಾಯುತ್ತಿದ್ದ ಸಿಸ್ಟಮ್ ಕಾಲ್ ಸೋತು ಹಿಂದಿರುಗಬೇಕೋ, ಬಿಟ್ಟಲ್ಲಿಂದ ಮುಂದುವರಿಯಬೇಕೋ ಎಂದು ಕಾಲೇಜಿನಲ್ಲಿ ವಾರವಿಡೀ ಜಗಳ ನಡೆದಿತ್ತು. ನಾನು ಹಾಳೆ ಎಳೆದುಕೊಂಡು ‘ಮುಂದುವರಿಯಲಿ’ ಎಂದು ಬರೆದೆ. ಆ ಎಕ್ಸ್‌ಟ್ರಾ ಕಾಲ್ ಕೂಡ ಇರಲಿ ಎಂದು ಬರೆದೆ. ಬರೆಯುವಾಗ ಯಾಕೋ ಕಣ್ಣು ಮಂಜಾಯಿತು.

ಯಜಮಾನರು ಎದ್ದು ಬಂದರು. “ಯಾರ ಜೋಡಿ ಇಷ್ಟೊತ್ತು ಮಾತು?”

“ನಿಮ್ಮ ಚಿಗವ್ವನ ಜೋಡಿ.”

“ಏನಂತಾಳ?”

“ನೀವ ಕೇಳ್ರಿ” ಎಂದು ಫೋನನ್ನು ಕೈಗಿಟ್ಟೆ.

“ಚಿಗವ್ವಾ…” ಎಂದರು. ಟಕ್ ಎಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಯಜಮಾನರು ಗೋಡೆ ನೋಡಿದರು, ಫ್ಯಾನು ನೋಡಿದರು, ನನ್ನನ್ನು ನೋಡಿದರು. ಆ ಕಡೆಯಿಂದ ಮತ್ತೊಂದು ಟಕ್.

ಈಗ ನೀವೇ ಹೇಳಿ, ಮಾತು ಹೋಗಿರುವುದು ಯಾರಿಗೆ?