ಅಪ್ಪನಿಗೆ ತಿಳಿಯದ ನಕ್ಷತ್ರ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳೋದಕ್ಕೆ ನನಗೆ ಸಂಕೋಚ ಇಲ್ಲ. ಉಪ್ಪಲ್‌ನ ತಗಡಿನ ಮನೆಯಲ್ಲಿ, ಪಕ್ಕದವರ ಟೀವಿ ಸದ್ದಿನ ನಡುವೆ ಓದಿ ಎಂ.ಎಸ್ಸಿ. ಭೌತಶಾಸ್ತ್ರ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದೆ. ಯಾರೂ ದಾನ ಕೊಟ್ಟದ್ದಲ್ಲ.

ಆಗ ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಸಾಫ್ಟ್‌ವೇರ್. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಷ್ಟು ಜಾವಾ ಕ್ಲಾಸಿನ ಪೋಸ್ಟರು. ನನ್ನ ಜೊತೆ ಓದಿದವರು ಬಹಳ ಮಂದಿ ಅತ್ತ ಹೋದರು. ನನಗೆ ಪಿಎಚ್.ಡಿ. ಮಾಡಬೇಕಿತ್ತು. ವಿಷಯವನ್ನೂ ಆರಿಸಿಟ್ಟಿದ್ದೆ: ಕಪ್ಪು ರಂಧ್ರದ ಹಾಗೇ ಕಾಣುವ, ಆದರೆ ಕಪ್ಪು ರಂಧ್ರ ಅಲ್ಲದ, ವಿಪರೀತ ಸಾಂದ್ರವಾದ ನಕ್ಷತ್ರಗಳು. ಅಂಥವು ನಿಜಕ್ಕೂ ಇವೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಇರಬಹುದು ಅಂತ ಲೆಕ್ಕ ಮಾತ್ರ ಹೇಳುತ್ತಿತ್ತು. ಅದೇ ನನಗೆ ಹಿಡಿಸಿದ್ದು.

ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಇಡಬೇಕು, ಅದರ ಮೇಲೆ ಗೆಜೆಟೆಡ್ ಅಧಿಕಾರಿ ಹಸಿರು ಶಾಯಿಯಲ್ಲಿ ಸಹಿ ಮಾಡಿರಬೇಕು. ಸೋಮವಾರ ಕೊನೆಯ ದಿನ. ಸಹಿ ಇಲ್ಲದ ಅರ್ಜಿಯನ್ನು ಯೂನಿವರ್ಸಿಟಿಯ ಗುಮಾಸ್ತ ಮುಟ್ಟುತ್ತಲೂ ಇರಲಿಲ್ಲ.

"ನಮ್ಮ ಸಾಹೇಬ್ರು ಇಲ್ಲೇನ? ನಮ್ಮ ಕನ್ನಡದವರು" ಅಂದ ಅಪ್ಪ.

ಅಪ್ಪ ಬೇಗಂಪೇಟೆಯ ಒಂದು ಕೇಂದ್ರ ಸರ್ಕಾರಿ ಆಫೀಸಿನಲ್ಲಿ ಅಟೆಂಡರ್. ದಿನಗೂಲಿ. ಕಾಯಂ ಮಾಡುವ ಫೈಲು ವರ್ಷಗಟ್ಟಲೆ ಅದೇ ಸಾಹೇಬರ ಮೇಜಿನ ಮೇಲಿತ್ತು. ಯಾವ ಗೆಜೆಟೆಡ್ ಅಧಿಕಾರಿ ಆದರೂ ನಡೆಯುತ್ತಿತ್ತು, ಆದರೆ ನಮ್ಮಂಥವರಿಗೆ ಸಹಿ ಅಂದರೆ ಪರಿಚಯ, ಪರಿಚಯ ಅಂದರೆ ನಮ್ಮ ಭಾಷೆ. ರವಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದ.

ಹಾಲ್‌ನಲ್ಲಿ ಸಾಹೇಬರು, ಅವರ ಹೆಂಡತಿ, ಸಾಫ್ಟ್‌ವೇರ್ ಕಂಪನಿ ಸೇರಿದ ಮಗ, ಮಣಿಕೊಂಡದ ಒಂದು ಫ್ಲ್ಯಾಟಿನ ಮಾತಾಡಲು ಬಂದಿದ್ದ ಗಂಡ-ಹೆಂಡತಿ. ನನಗೆ ಸ್ಟೂಲು ಸಿಕ್ಕಿತು. ಅಪ್ಪ ಬಾಗಿಲ ಹತ್ತಿರ ನಿಂತ. ಕೂಡು ಅಂತ ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕಾಯಲಿಲ್ಲ.

ಸಾಹೇಬರು ಮಾರ್ಕ್ಸ್ ಕಾರ್ಡು ತಿರುವಿದರು. "ಫಸ್ಟ್ ಕ್ಲಾಸ್! ಏನೋ, ಇಕಿ ನಿನ್ನ ಮಗಳು ಹೌದೇನು? ಖರೇ ಹೇಳು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ಹೌದ್ರೀ ಸಾಹೇಬ್ರ."

ಪೆನ್ನಿನ ಮುಚ್ಚಳ ತೆಗೆದು, "ಮುಂದ ಏನ ಓದಾಕಿ ನೀನು?" ಅಂದರು. ಹೇಳಿದೆ.

ಮಗ ಸೋಫಾದಿಂದಲೇ, "ಬ್ಲ್ಯಾಕ್ ಹೋಲ್ ಅಲ್ಲ, ಬರೇ ಹಂಗ ಕಾಣಸ್ತದ? ಡೂಪ್ಲಿಕೇಟ್ ಮಾಲು ಅನ್ನು. ಅದರಕಿಂತ ಜಾವಾ ಕಲಿಯವಾ, ಹೊಟ್ಟಿ ತುಂಬ್ತದ" ಅಂದ.

"ಯಾವುದು ಅಸಲಿ, ಯಾವುದು ಡೂಪ್ಲಿಕೇಟ್ ಅನ್ನೋದ ಇನ್ನೂ ಗೊತ್ತಿಲ್ಲರಿ" ಅಂದೆ. "ನೀವು ಬ್ಲ್ಯಾಕ್ ಹೋಲ್ ಅಂತ ಓದಿದ್ದೇ ಇಂಥಾ ನಕ್ಷತ್ರ ಇರಬಹುದು."

ಫ್ಲ್ಯಾಟಿನವರು ನಕ್ಕರು. ಈ ಸಲ ಮಗ ನಗಲಿಲ್ಲ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ಭಾಳ ಶಾಣ್ಯಾಕಿ ಇದ್ದೀ. ಹಂಗಾದ್ರ ಒಂದು ಕೆಲಸ ಮಾಡು. ಇದನ್ನ ನಿಮ್ಮಪ್ಪಗ ತಿಳಿಯೂ ಹಂಗ ಹೇಳು. ಅವಗ ತಿಳೀತಂದ್ರ ಈಗಿಂದೀಗ ಸಹಿ ಮಾಡ್ತೀನಿ."

ನನಗೆ ಒಳಗೊಳಗೇ ಖುಷಿಯಾಯಿತು. ಇದು ನನ್ನ ಕೈಲಾಗುವ ಕೆಲಸ. ಸ್ಟೂಲು ಅಪ್ಪನ ಕಡೆ ತಿರುಗಿಸಿದೆ.

"ಅಪ್ಪಾ, ಎರಡು ಬಾವಿ ಅದಾವ ಅಂತ ತಿಳಕೋ. ಎರಡೂ ಭಾಳ ಆಳ. ಮ್ಯಾಲಿಂದ ಬಗ್ಗಿ ನೋಡಿದ್ರ ಎರಡರಾಗೂ ಕತ್ತಲಿ. ಒಂದಕ್ಕ ತಳಾನ ಇಲ್ಲ, ಬಿದ್ದದ್ದು ಹೋತು, ಸುದ್ದಿ ಇಲ್ಲ. ಅದು ಬ್ಲ್ಯಾಕ್ ಹೋಲು. ಇನ್ನೊಂದಕ್ಕ ತಳ ಐತಿ. ಅದರಾಗಿನ ಬೆಳಕು ಮ್ಯಾಲ ಬರೂದ್ರಾಗ ಸೋತು ಹೋಗಿರ್ತೈತಿ, ಅದಕ್ಕ ನಮಗ ಕಾಣಂಗಿಲ್ಲ. ಆದ್ರ ಮ್ಯಾಲಿಂದ ಏನರೆ ಬಿದ್ರ ತಳಕ್ಕ ಬಡೀತೈತಿ. ಆ ಬಡಿದ ಗುರ್ತು ಹುಡುಕೂದ ನನ್ನ ಕೆಲಸ. ತಿಳೀತೇನು?"

ಅಪ್ಪನ ಮುಖ ನೋಡುತ್ತಿದ್ದೆ. ಬಾವಿ ಅಂದಾಗ ಅವನ ಹುಬ್ಬು ಏರಿತು. 'ತಳಕ್ಕ ಬಡೀತೈತಿ' ಅಂದಾಗ ತಲೆ ಅಲ್ಲಾಡಿಸಿದ. ಅವನಿಗೆ ತಿಳಿದಿತ್ತು. ಅಷ್ಟು ನನಗೆ ಗೊತ್ತಾಗುತ್ತದೆ, ಅವನ ಮಗಳು ನಾನು.

"ಏನೋ, ತಿಳೀತೇನೋ?" ಅಂದರು ಸಾಹೇಬರು.

ಅಪ್ಪ ನನ್ನ ಕಡೆ ನೋಡಲಿಲ್ಲ. ಸಾಹೇಬರ ಮುಖ ನೋಡಿದ, ಆಫೀಸಿನಲ್ಲಿ ದಿನಾ ನೋಡುವ ಹಾಗೆ, ಅಲ್ಲಿ ಏನು ಬೇಕಾಗಿದೆ ಅಂತ ಓದುವ ಹಾಗೆ.

"ನಮಗೆಲ್ಲಿ ತಿಳೀಬೇಕ್ರೀ ಸಾಹೇಬ್ರ. ಚಾ ಕಾಸೂದು ತಿಳೀತೈತಿ."

ಇಡೀ ಹಾಲ್ ನಗೆಯಿಂದ ತುಂಬಿಹೋಯಿತು. ಮಗ ತೊಡೆ ತಟ್ಟಿದ. ಸಾಹೇಬರು ಕಣ್ಣೊರೆಸಿಕೊಂಡು ಝೆರಾಕ್ಸುಗಳನ್ನು ನನ್ನ ಕಡೆ ಸರಿಸಿದರು. "ನಿಮ್ಮಪ್ಪಗಽ ತಿಳೀಲಿಲ್ಲ, ನಾ ಹೆಂಗ ಸಹಿ ಮಾಡ್ಲಿ? ಮುಂದಿನ ರವಿವಾರ ಬಾ. ಇವಗ ಛಲೋತ್ನಂಗ ಕಲಿಸಿಕೊಂಡು ಬಾ."

"ನಾಳೆ ಕಡೀ ದಿನ ಐತ್ರಿ."

"ಹೌದೇನು? ಮೊದಲಽ ಬರಬೇಕಿತ್ತವಾ."

ಸಾಹೇಬರ ಮನೆಯ ಅಮ್ಮಾವರು ನಮ್ಮಿಬ್ಬರಿಗೆ ಕಾಗದದ ತಟ್ಟೆಯಲ್ಲಿ ಉಪ್ಪಿಟ್ಟು ತಂದರು. ಉಳಿದವರೆಲ್ಲ ಸ್ಟೀಲಿನ ತಟ್ಟೆಯಲ್ಲಿ ತಿನ್ನುತ್ತಿದ್ದರು. ನಾನು ಮುಟ್ಟಲಿಲ್ಲ. ಅಪ್ಪ ನಿಂತೇ ತಿಂದ, ನನ್ನದನ್ನೂ ತಿಂದ.

ಬಸ್ ಸ್ಟಾಪಿನಲ್ಲಿ ಕೇಳಿದೆ. "ತಿಳದಿತ್ತಲ್ಲ ನಿನಗ? ಯಾಕ ಹಂಗಂದಿ?"

"ತಿಳೀತು ಅಂದಿದ್ರ, 'ಹಂಗಾರ ನೀ ಹೇಳು' ಅಂತಿದ್ರು. ಅಷ್ಟೂ ಮಂದಿ ಮುಂದ ನಾ ನಿಂತು ಹೇಳಬೇಕಿತ್ತು. ಒಂದು ಮಾತು ತಪ್ಪಿದ್ರ ವರ್ಷಗಟ್ಟಲೆ ನಗತಿದ್ರು." ಬಸ್ಸು ಬರುವ ದಾರಿ ನೋಡುತ್ತ, "ಸಹಿ ನಿನಗ ಯಾರರೆ ಹಾಕ್ತಾರ. ನನ್ನ ಫೈಲು ಅವರ ಕಡೇನ ಐತಿ" ಅಂದ.

ಅವನು ಹೇಳಿದ್ದು ನಿಜ. ನಿಜ ಅಂತ ಆಗಲೂ ಗೊತ್ತಿತ್ತು. ನಿಜ ಇದ್ದ ಮಾತ್ರಕ್ಕೆ ಸಿಟ್ಟು ಇಳಿಯೋದಿಲ್ಲ. ಮನೆ ಮುಟ್ಟುವ ತನಕ ಬಸ್ಸಿನಲ್ಲಿ ಅವನ ಪಕ್ಕ ಸೀಟು ಖಾಲಿ ಇದ್ದರೂ ನಾನು ನಿಂತೇ ಬಂದೆ.

ಸೋಮವಾರ ಬೆಳಿಗ್ಗೆ ಒಬ್ಬಳೇ ಸರ್ಕಾರಿ ದವಾಖಾನೆಗೆ ಹೋದೆ. ತೆಲುಗು ಡಾಕ್ಟರಮ್ಮ, ಅವರೂ ಗೆಜೆಟೆಡ್ ಅಧಿಕಾರಿಯೇ. ರೋಗಿಯ ನಾಲಿಗೆ ನೋಡುತ್ತಲೇ ಕಾಗದ ಎಳೆದುಕೊಂಡು, ಅಸಲಿ ಜೊತೆ ಹೋಲಿಸಿ, ಹಸಿರು ಶಾಯಿ ಗೀಚಿ ಮುದ್ರೆ ಒತ್ತಿದರು. ನಾನು ಏನು ಓದುತ್ತೇನೆ ಅಂತ ಕೇಳಲಿಲ್ಲ. ಅರ್ಜಿ ಮಧ್ಯಾಹ್ನಕ್ಕೆ ಯೂನಿವರ್ಸಿಟಿ ಸೇರಿತು. ಸೀಟೂ ಸಿಕ್ಕಿತು.

ಸುದ್ದಿ ತಿಳಿದ ಸಾಹೇಬರು ಆಫೀಸಿನಲ್ಲೆಲ್ಲ "ನಮ್ಮ ಹುಡುಗಿ, ನಾನಽ ಸಹಿ ಮಾಡಿದ್ದು" ಅಂತ ಹೇಳಿಕೊಂಡು ಓಡಾಡಿದರಂತೆ. ಅಪ್ಪ ಅಲ್ಲೇ ಟ್ರೇ ಹಿಡಿದು ನಿಂತಿದ್ದ, ಅಲ್ಲ ಅನ್ನಲಿಲ್ಲ.

ಅವನ ಫೈಲಿಗೆ ಮಾತ್ರ ಸಹಿ ಬೀಳಲಿಲ್ಲ. ಸಾಹೇಬರು ರಿಟೈರ್ ಆದರು, ಫೈಲು ಮೇಜಿನ ಮೇಲೇ ಉಳಿಯಿತು. ಬೀಳ್ಕೊಡುಗೆಯ ದಿನ ಅಪ್ಪ ಸ್ವಂತ ದುಡ್ಡಿನಲ್ಲಿ ಗುಲಾಬಿ ಹಾರ ಕೊಂಡು ತಂದ.

"ಯಾಕ ಹಾಕಿದಿ ಹಾರ?" ಅಂತ ಕೇಳಿದೆ.

"ಎಲ್ಲಾರೂ ಹಾಕಿದ್ರು" ಅಂದ.